ಆರು ತಿಂಗಳು ಒಂದೇ ಲಂಗರಿನಲ್ಲಿ: ಗ್ರೆನೇಡಾದ ನಮ್ಮ ದೋಣಿವಾಸ

ನಿವೃತ್ತಿಯಾದ ಮೇಲೆ ಹಾಯಿದೋಣಿಯಲ್ಲೇ ವಾಸ ಅಂದರೆ ದಿನಾ ಪ್ರಯಾಣ ಅಂದುಕೊಳ್ಳುವವರೇ ಹೆಚ್ಚು. ಆದರೆ ವರ್ಷದ ಅರ್ಧ ನಾವು ನಿಂತಲ್ಲೇ ಇರುತ್ತೇವೆ. ಕೆರಿಬಿಯನ್‌ನಲ್ಲಿ ಜೂನ್ 1ರಿಂದ ನವೆಂಬರ್ 30ರವರೆಗೆ ಚಂಡಮಾರುತದ ಕಾಲ. ಆಗ ನಮ್ಮಂಥ ಎಷ್ಟೋ ದಂಪತಿಗಳು ಚಂಡಮಾರುತ ವಿರಳವಾದ ಗ್ರೆನೇಡಾ ದ್ವೀಪದ ದಕ್ಷಿಣ ತೀರಕ್ಕೆ ಬಂದು ಪ್ರಿಕ್ಲಿ ಬೇ, ಮೌಂಟ್ ಹಾರ್ಟ್‌ಮನ್ ಬೇ, ಹಾಗ್ ಐಲೆಂಡ್ ಪಕ್ಕ ಲಂಗರು ಹಾಕುತ್ತಾರೆ. ಬೆಚ್ಚಗಿನ ನೀರಿನಲ್ಲಿ ಓಡುವ ದೋಣಿಗಿಂತ ನಿಂತ ದೋಣಿ ಬೇಗ ಕೆಡುತ್ತದೆ. ನಮ್ಮ ವಾರದ ಕೆಲಸವೆಲ್ಲ ಇದರ ಸುತ್ತಲೇ.

ಮೊದಲು ಲಂಗರು. 38 ಅಡಿಯ ದೋಣಿಗೆ ನಾವು 10 ಮಿಲಿಮೀಟರ್ ಸರಪಳಿ 60 ಮೀಟರ್ ಇಟ್ಟಿದ್ದೇವೆ. ಆಳ 6 ಮೀಟರ್, ನೀರಿನಿಂದ ದೋಣಿಯ ಮೂತಿಯ (ಮುಂತುದಿಯ) ಎತ್ತರ 1.5 ಮೀಟರ್, ಒಟ್ಟು 7.5. ಅದರ ಐದು ಪಟ್ಟು, ಅಂದರೆ ಸುಮಾರು 38 ಮೀಟರ್ ಬಿಡಬೇಕು. ಗಾಳಿ ಜೋರಾದರೆ ಏಳು ಪಟ್ಟು. ಮೂತಿಯ ಎತ್ತರವನ್ನು ಲೆಕ್ಕಕ್ಕೆ ಹಿಡಿಯದೆ ಬಿಟ್ಟವರ ಲಂಗರೇ ರಾತ್ರಿ ಜಾರುವುದು. ಇಲ್ಲಿ ಗಾಳಿ ಸಾಮಾನ್ಯವಾಗಿ ಪೂರ್ವದಿಂದ ಬೀಸುತ್ತದೆ. ಮಳೆಮೋಡದ ಅಲೆಯೊಂದು ಹಾದುಹೋಗುವಾಗ ಅದು ಪಶ್ಚಿಮಕ್ಕೂ ತಿರುಗಬಹುದು. ಹಾಗಾಗಿ ಸುತ್ತ ಎಲ್ಲ ದಿಕ್ಕಿಗೂ ಜಾಗ ಇದೆಯೇ ನೋಡಿಯೇ ಲಂಗರು ಬಿಡಬೇಕು. ಮೂರು ವಾರಕ್ಕೊಮ್ಮೆ ಸರಪಳಿ ಮೇಲೆಳೆದು ಬ್ರಷ್‌ನಿಂದ ಉಜ್ಜಿ, ಮತ್ತೆ ಇಳಿಸುತ್ತೇವೆ. ಹಾಗೇ ಬಿಟ್ಟರೆ ಅದರ ಮೇಲೆ ಚಿಪ್ಪು ಕಟ್ಟಿ, ತುರ್ತಿಗೆ ಎತ್ತುವಾಗ ಸರಪಳಿ ಎಳೆಯುವ ಯಂತ್ರವಾದ ವಿಂಡ್ಲಾಸ್‌ನ ಹಲ್ಲಿಗೆ ಕೂರುವುದಿಲ್ಲ.

ತಳ ಉಜ್ಜುವುದಕ್ಕೇ ನಮ್ಮ ಹೆಚ್ಚು ಸಮಯ ಹೋಗುತ್ತದೆ. ಎರಡು ವಾರ ಮುಟ್ಟದಿದ್ದರೆ ಪ್ರೊಪೆಲ್ಲರ್ ಮೇಲೆ ಸಾಸಿವೆ ಗಾತ್ರದ ಬಿಳಿ ಚುಕ್ಕೆಗಳು ಏಳುತ್ತವೆ. ಅವು ಅಂಟಿಕೊಂಡು ಬೆಳೆಯುವ ಚಿಪ್ಪುಜೀವಿ ಬಾರ್ನಕಲ್‌ನ ಮರಿಗಳು. ಆಗ ಬೆರಳ ಉಗುರಿಗೇ ಕಿತ್ತು ಬರುತ್ತವೆ. ಇನ್ನೆರಡು ವಾರ ಬಿಟ್ಟರೆ ಬಟಾಣಿಯಷ್ಟಾಗಿ, ಉಕ್ಕಿನ ಉಳಿಯೇ ಬೇಕು. ಕಿತ್ತರೂ ಬುಡದ ಸುಣ್ಣದ ಉಂಗುರ ಅಲ್ಲೇ ಉಳಿಯುತ್ತದೆ. ಪ್ರೊಪೆಲ್ಲರ್‌ಗೆ ಉಕ್ಕು ಸರಿ. ತಳದ ಬಣ್ಣಕ್ಕೆ ಉಕ್ಕನ್ನು ಸೋಕಿಸಬಾರದು, ಹಳೆಯ ಕಾರ್ಪೆಟ್ ತುಂಡೇ ಸಾಕು. ಗಟ್ಟಿಯಾಗಿ ಉಜ್ಜಿದರೆ ಚಿಪ್ಪನ್ನು ದೂರವಿಡುವ ತಾಮ್ರವೇ ಬಣ್ಣದ ಜೊತೆ ಹೊರಟುಹೋಗುತ್ತದೆ. ಎಂಜಿನ್‌ಗೆ ಸಮುದ್ರದ ನೀರು ಎಳೆಯುವ ತೂತನ್ನು ತಪ್ಪದೆ ಕೆರೆಯಬೇಕು. ಅದು ಕಿರಿದಾದರೆ ಎಂಜಿನ್ ಅತಿಯಾಗಿ ಬಿಸಿಯಾಗುತ್ತದೆ. ಒಬ್ಬರು ಇಳಿದಾಗ ಇನ್ನೊಬ್ಬರು ಮೇಲೆ ಕೂತಿರುತ್ತೇವೆ, ಎಂಜಿನ್ ಕೀಲಿ ಮೇಲಿದ್ದವರ ಜೇಬಿನಲ್ಲಿ. ತಲೆಗೆ ಬಿಗಿ ಟೋಪಿ ಬೇಕೇ ಬೇಕು, ಉಜ್ಜುವಾಗ ಉದುರುವ ಸಣ್ಣ ಸಿಗಡಿಯಂಥ ಹುಳುಗಳು ಕಿವಿಗೆ ನುಗ್ಗುತ್ತವೆ.

ಇಬ್ಬರಿಗೆ ದಿನಕ್ಕೆ 35 ಲೀಟರ್ ಸಿಹಿನೀರು ಸಾಕಾಗುತ್ತದೆ. ನೀರು ಸಿಹಿ ಮಾಡುವ ಯಂತ್ರವನ್ನು ಕೊಲ್ಲಿಯೊಳಗೆ ಓಡಿಸುವುದಿಲ್ಲ. ಮಳೆ ಬಂದರೆ ಅಲ್ಲಿ ಕೆಸರು, ಉಳಿದ ದಿನ ಎಣ್ಣೆ. ಓಡಿಸದೆ ಬಿಟ್ಟರೂ ವಾರಕ್ಕೊಮ್ಮೆ ಸಿಹಿನೀರು ಹಾಯಿಸಬೇಕು, ಇಲ್ಲದಿದ್ದರೆ ಉಪ್ಪು ಸೋಸುವ ಪೊರೆಯಲ್ಲಿ ಬ್ಯಾಕ್ಟೀರಿಯಾ ಬೆಳೆದು ಕೊಳೆತ ಮೊಟ್ಟೆಯ ವಾಸನೆ ಹೊಡೆಯುತ್ತದೆ. ದಡದ ನಲ್ಲಿ ನೀರಾದರೆ ಇದ್ದಿಲ ಫಿಲ್ಟರ್ ಮೂಲಕವೇ ಹೋಗಬೇಕು, ಕ್ಲೋರಿನ್ ತಾಗಿದರೆ ಪೊರೆ ಹಾಳು. ಮಳೆಗಾಲದಲ್ಲಿ ನಾವು ಹೆಚ್ಚಾಗಿ ಟಾರ್ಪಾಲನ್ನೇ ನಂಬುತ್ತೇವೆ. 6 ಚದರ ಮೀಟರ್ ಟಾರ್ಪಾಲಿಗೆ 20 ಮಿಲಿಮೀಟರ್ ಮಳೆ ಬಿದ್ದರೆ 120 ಲೀಟರ್. ಮೊದಲ ಹತ್ತು ನಿಮಿಷದ ನೀರು ಉಪ್ಪು, ದೂಳು ತೊಳೆಯುವುದಕ್ಕೆ.

ಶೌಚದ ಪೈಪಿನಲ್ಲಿ ಮೂತ್ರ ಮತ್ತು ಉಪ್ಪುನೀರು ಸೇರಿ ಕಲ್ಲು ಕಟ್ಟುತ್ತದೆ. ವಾರಕ್ಕೊಮ್ಮೆ ಅರ್ಧ ಲೀಟರ್ ವಿನಿಗರ್ ಸುರಿದು ರಾತ್ರಿಯಿಡೀ ಬಿಡುತ್ತೇವೆ. 38 ಮಿಲಿಮೀಟರ್ ಪೈಪ್ ಮೀಟರಿಗೆ ಒಂದು ಲೀಟರಿಗಿಂತ ಸ್ವಲ್ಪ ಹೆಚ್ಚು ಹಿಡಿಯುತ್ತದೆ. ಪೈಪಿನ ಉದ್ದಕ್ಕೆ ಲೆಕ್ಕ ಹಾಕಿ ಅಷ್ಟು ನೀರು ಪಂಪ್ ಮಾಡಿದರೆ ಒಳಗೇನೂ ನಿಲ್ಲುವುದಿಲ್ಲ.

ಭಾನುವಾರ ಬಿಟ್ಟು ದಿನಾ ಬೆಳಿಗ್ಗೆ 7.30ಕ್ಕೆ ವಿಎಚ್ಎಫ್ ರೇಡಿಯೊದ 66ನೇ ಚಾನೆಲ್‌ನಲ್ಲಿ ದೋಣಿಯವರೆಲ್ಲ ಸೇರುತ್ತಾರೆ. ಹವಾಮಾನ, ಹೊಸದಾಗಿ ಬಂದವರು, ಹೊರಟವರು, ಪೇಟೆಗೆ ಹೋಗುವ ಬಸ್, ಯಾರಿಗೆ ಯಾವ ಬಿಡಿಭಾಗ ಬೇಕು, ಎಲ್ಲ ಅಲ್ಲೇ. ಕೇಳುವಾಗ ಅಳತೆ ಸಮೇತ ಕೇಳಿ. ಪಂಪಿನೊಳಗೆ ತಿರುಗುವ ರೆಕ್ಕೆಚಕ್ರಕ್ಕೆ 'ಇಂಪೆಲ್ಲರ್ ಇದೆಯಾ' ಅಂತಷ್ಟೇ ಕೇಳಿದರೆ ಯಾರೂ ಉತ್ತರಿಸುವುದಿಲ್ಲ. ಪಂಪಿನ ಮಾದರಿ, ವ್ಯಾಸ, ರೆಕ್ಕೆಗಳ ಸಂಖ್ಯೆ ಹೇಳಿದರೆ ಯಾರದೋ ಪೆಟ್ಟಿಗೆಯಿಂದ ಮಧ್ಯಾಹ್ನದೊಳಗೆ ಬರುತ್ತದೆ. ಇಲ್ಲಿ ತೊಗರಿ ಬೆಳೆಯುತ್ತಾರೆ, ರೊಟ್ಟಿ, ಬೇಳೆ ಊರಿನವರ ಊಟದಲ್ಲೇ ಇವೆ. 1857ರಿಂದ ಬಂದ ಭಾರತೀಯ ಕೂಲಿಗಳು ತಂದ ರುಚಿ. ನಮ್ಮ ಅಡಿಗೆಗೆ ಪರದಾಡಬೇಕಿಲ್ಲ.

ಗ್ರೆನೇಡಾಕ್ಕೆ ಚಂಡಮಾರುತ ಬರುವುದಿಲ್ಲ ಎಂಬ ಮಾತು ನಂಬಬೇಡಿ. 2004ರಲ್ಲಿ ಐವನ್ ಬಂತು, 2024ರ ಜುಲೈ 1ರಂದು ಬೆರಿಲ್ ಪಕ್ಕದ ಕ್ಯಾರಿಯಕೂ ದ್ವೀಪವನ್ನು ನೆಲಸಮ ಮಾಡಿತು. ಅಮೆರಿಕದ ಚಂಡಮಾರುತ ಕೇಂದ್ರದ ಏಳು ದಿನದ ನಕ್ಷೆಯಲ್ಲಿ ನಮ್ಮ ಕಡೆ ಚಂಡಮಾರುತದ ಸಾಧ್ಯತೆ ಹೆಚ್ಚೆಂದು ತೋರಿಸುವ ಕೆಂಪು ಕಂಡರೆ ನಾವು ಟ್ರಿನಿಡಾಡ್‌ಗೆ ಹೊರಡಲು ಸಿದ್ಧರಾಗುತ್ತೇವೆ. ದೂರ ಸುಮಾರು 80 ನಾಟಿಕಲ್ ಮೈಲಿ. 5 ನಾಟ್ ವೇಗಕ್ಕೆ 16 ಗಂಟೆ. ಸಂಜೆ ಐದಕ್ಕೆ ಹೊರಟರೆ ಬೆಳಿಗ್ಗೆ ಒಂಬತ್ತಕ್ಕೆ ತಲುಪಬಹುದು. ಪ್ರವಾಹ ಪಶ್ಚಿಮಕ್ಕೆ ಎಳೆಯುವುದರಿಂದ ಗುರಿಗಿಂತ ಪೂರ್ವಕ್ಕೇ ಮೂತಿ ಇಟ್ಟಿರಬೇಕು. ಚಿಪ್ಪು ಹತ್ತಿದ ತಳದಲ್ಲಿ ಅದೇ ದಾರಿಗೆ 3.5 ನಾಟ್‌ನಂತೆ 23 ಗಂಟೆ ಹಿಡಿಯುತ್ತದೆ. ಅದಕ್ಕೇ ಆಗಸ್ಟ್, ಸೆಪ್ಟೆಂಬರ್‌ನಲ್ಲಿ ನಾವು ಹತ್ತು ದಿನಕ್ಕೊಮ್ಮೆ ತಳಕ್ಕಿಳಿಯುತ್ತೇವೆ, ಡೀಸೆಲ್ ಟ್ಯಾಂಕ್ ಮುಕ್ಕಾಲಿಗಿಂತ ಕೆಳಗಿಳಿಯಲು ಬಿಡುವುದಿಲ್ಲ.