ಗರಿಕೆ ಒಣಗಿಸಿದೆ, ಮೊಲದ ಹಿಕ್ಕೆ ಸರಿಯಾಯಿತು

ಈ ಮಳೆಗಾಲವಿಡೀ ನಮ್ಮ ಎರಡೂ ಮೊಲಗಳ ಹಿಕ್ಕೆ ಒಂದು ದಿನವೂ ಕೆಡಲಿಲ್ಲ. ಉರುಟು, ಕಡಲೆಕಾಳಿನಷ್ಟು ದೊಡ್ಡದು, ಹಿಸುಕಿದರೆ ಹುಲ್ಲಿನ ಪುಡಿ. "ಗರಿಕೆ ಗಣಪತಿಗೆ ಸರಿ, ಮೊಲಕ್ಕೆ ಅದರಲ್ಲಿ ಏನುಂಟು ಮಾರಾಯ್ರೆ?" ಎಂದವರೇ ಈಗ ಚೀಲ ಹಿಡಿದು ಬರುತ್ತಿದ್ದಾರೆ.

ಮೊದಲ ವರ್ಷ ಮೂರು ಮೊಲ. ಪೆಲೆಟ್ಟೇ (ಅಂಗಡಿಯಲ್ಲಿ ಸಿಗುವ ಒಣ ಗುಳಿಗೆ ಆಹಾರ) ಊಟ, ಮೇಲಿಂದ ಬಾಳೆಹಣ್ಣು. ಮೊಲ ರಾತ್ರಿ ಹಾಕುವ ಮೆತ್ತನೆ ಹಿಕ್ಕೆಯನ್ನು ತಾನೇ ತಿನ್ನುವುದು ಸಹಜ; ಇವು ಅದನ್ನು ತಿನ್ನದೆ ಬಿಟ್ಟು ಹಿಂಭಾಗವೆಲ್ಲ ಅಂಟು. ನಾನು ಅದನ್ನೇ ಭೇದಿ ಎಂದುಕೊಂಡೆ. ಔಷಧದ ಅಂಗಡಿಯೊಂದರಲ್ಲಿ ಅಮಾಕ್ಸಿಸಿಲಿನ್ ಎಂಬ ಆಂಟಿಬಯಾಟಿಕ್ ಸಿರಪ್ ಕೊಟ್ಟರು, ಕುಡಿಸಿದೆ. ಬಾಯಿಯ ಮೂಲಕ ಹೋದರೆ ಆ ಮದ್ದು ಮೊಲದ ಕರುಳನ್ನೇ ಕೆಡಿಸುತ್ತದೆ. ಮೂರ್ನಾಲ್ಕು ದಿನದಲ್ಲಿ ನಿಜವಾದ ಭೇದಿ ಶುರುವಾಗಿ ಬಿಳಿ ಗಂಡು ಸತ್ತಿತು. ಆ ಗೂಡಿನಲ್ಲಿ ಇವತ್ತಿಗೂ ಬೇರೆ ಮೊಲ ಬಿಟ್ಟಿಲ್ಲ.

ಎರಡನೇ ವರ್ಷ ಟಿಮೊಥಿ ಹುಲ್ಲು (ಮೊಲಗಳಿಗೆ ಒಣಗಿಸಿ ಮಾರುವ ವಿದೇಶಿ ಹುಲ್ಲು) ತರಿಸಿದೆ. ಕಿಲೋಗೆ 700-800 ರೂಪಾಯಿ, ತಿಂಗಳಿಗೆ 3,000ದ ಹತ್ತಿರ. ಹಿಕ್ಕೆ ಸುಧಾರಿಸಿತು. ಆದರೆ ಜೂನ್ ಹಿಡಿದದ್ದೇ ಉಡುಪಿಯ ತೇವಕ್ಕೆ ಅರ್ಧ ಚೀಲ ಬೂಸ್ಟು ಬಂದು ಗೊಬ್ಬರದ ಗುಂಡಿಗೆ ಹೋಯಿತು.

ಆ ಜುಲೈಯಲ್ಲೇ ಗರಿಕೆ ಕೊಯ್ದು ಬಚ್ಚಲೊಲೆಯ ಮೇಲಿನ ಅಟ್ಟದಲ್ಲಿ ಒಣಗಿಸಿದೆ. ಹೊಗೆವಾಸನೆಗೆ ಮೊಲಗಳು ಮೂಸಿಯೂ ನೋಡಲಿಲ್ಲ. ಕೂದಲು ಉದುರುವ ಸಮಯ ಬೇರೆ. ಹೆಣ್ಣಿನ ಹಿಕ್ಕೆ ಕಾಳುಮೆಣಸಿನಷ್ಟಾಗಿ, ಕೂದಲಲ್ಲಿ ಪೋಣಿಸಿದ ಮಣಿಸರದಂತೆ ಬರತೊಡಗಿ, ಆಮೇಲೆ ನಿಂತೇಹೋಯಿತು. ಸಂಜೆಯೇ ಪಶುವೈದ್ಯರಲ್ಲಿಗೆ ಒಯ್ದದ್ದರಿಂದ ಬದುಕಿತು, 1,500 ಖರ್ಚು. ಮೊಲ ಅರ್ಧ ದಿನ ತಿನ್ನದೆ ಕೂತರೆ ಬೆಳಗಾಗಲಿ ಎಂದು ಕಾಯಲೇಬೇಡಿ.

ನೆಕ್ಕಿ ಹೊಟ್ಟೆಗೆ ಹೋದ ಕೂದಲು ಕರಗುತ್ತದೆಂದು ಪಪ್ಪಾಯಿಯನ್ನೂ ಕೊಟ್ಟು ನೋಡಿದೆ. ಕೂದಲು ಹಾಗೆಯೇ ಉಳಿಯಿತು, ಹಿಕ್ಕೆ ಮತ್ತೆ ಮೆತ್ತಗಾಯಿತು. ಬೈಹುಲ್ಲು ಹಾಕಿದರೆ ಅದರ ಮೇಲೆ ಮಲಗಿದವು, ಅಷ್ಟೇ.

ಕಳೆದ ನವೆಂಬರಿನಲ್ಲಿ, ಮಳೆ ಬಿಟ್ಟು ಗರಿಕೆ ಇನ್ನೂ ಹಸುರಾಗಿದ್ದಾಗ, ಮದ್ದು ಹೊಡೆಯದ ಗದ್ದೆಯ ಹುಣಿಯಿಂದ ಕೊಯ್ಸಿದೆ. ಇಬ್ಬನಿ ಆರಿದ ಮೇಲೆಯೇ ಕತ್ತಿ ಹಾಕಬೇಕು. ಅಂಗಳದಲ್ಲಿ ತೆಳುವಾಗಿ ಹರಡಿ ಮೂರು ಬಿಸಿಲು. ರಾಶಿ ಹಾಕಿದರೆ ಒಳಗೆ ಬಿಸಿಯೇರಿ ಹಾಳು. ಸುಮಾರು 70 ಕಿಲೋ ಹಸಿ ಒಣಗಿ 20 ಕಿಲೋ ಆಯಿತು. ಕೂಲಿ, ಮುಚ್ಚಳದ ನೀಲಿ ಡ್ರಮ್ಮು ಎಲ್ಲ ಸೇರಿ 2,500 ದಾಟಲಿಲ್ಲ. ಮಳೆಗಾಲ ಪೂರ್ತಿ ಬಂತು. ಡ್ರಮ್ಮಿನ ತಳಕ್ಕೆ ಏನು ಹಾಕುತ್ತೇನೆಂದು ಬರೆಯುವುದಿಲ್ಲ, ಅದು ಕೈಸುಟ್ಟುಕೊಂಡು ಕಲಿತದ್ದು. ಆಗಸ್ಟಿನಲ್ಲಿ ಮುಚ್ಚಳ ತೆಗೆದಾಗಲೂ ಬಿಸಿಲಿನದೇ ವಾಸನೆ.

ಪೆಲೆಟ್ ಈಗ ತಲಾ ಎರಡು ಚಮಚ. ಬರುವ ನವೆಂಬರಿಗೆ 100 ಕಿಲೋ ಕೊಯ್ಸಬೇಕು, ಡ್ರಮ್ಮು ಇನ್ನೊಂದು ನೋಡಿಟ್ಟಿದ್ದೇನೆ.