ಬಾಡಿಗೆ ಮನೆಗೆ ಬ್ಯಾಟರಿ ಪ್ರೆಶರ್ ವಾಷರ್: ಬಳಸುವ ಬಗೆ

ಬಾಡಿಗೆ ಮನೆಯನ್ನು ಖಾಲಿಯಾದ ಮೇಲೆ ತೊಳೆಯುವವರೇ ಜಾಸ್ತಿ. ಒಳಗೆ ಸಂಸಾರ ಇರುವಾಗಲೇ ಹೊರಗಿನ ಭಾಗವನ್ನು ಆಗಾಗ ತೊಳೆಯುತ್ತಾ ಬನ್ನಿ ಅಂತ ನಾನು ಹೇಳುತ್ತೇನೆ. ದಾವಣಗೆರೆಯ ವಿದ್ಯಾನಗರ, ಎಂ.ಸಿ.ಸಿ. ಬಿ ಬ್ಲಾಕ್, ನಿಟುವಳ್ಳಿ ಕಡೆ ಕೆಳಗೊಂದು ಮನೆ, ಮೇಲೊಂದೆರಡು ಮನೆ ಕಟ್ಟಿಸಿ ಬಾಡಿಗೆಗೆ ಕೊಟ್ಟವರು ತುಂಬಾ ಜನ ಇದ್ದೀರಿ. ಹೊರಗಿನ ಮೆಟ್ಟಿಲು, ಮಾಳಿಗೆ, ಪೋರ್ಟಿಕೋ, ಕಾಂಪೌಂಡ್ ಗೋಡೆ, ಗೇಟು ಇವೆಲ್ಲ ಯಾರೊಬ್ಬರ ಪಾಲಿಗೂ ಸೇರದ ಜಾಗಗಳು. ಬಾಡಿಗೆಯವರು ತಮ್ಮ ಬಾಗಿಲ ಮುಂದೆ ನೀರು ಹಾಕಿ ರಂಗೋಲಿ ಬಿಡುತ್ತಾರೆ. ಉಳಿದದ್ದು ಹಾಗೇ ಬೀಳುತ್ತದೆ. ಅದು ಮನೆ ಮಾಲೀಕರ ಕೆಲಸ.

ಈ ಕೆಲಸಕ್ಕೆ ಬ್ಯಾಟರಿಯ ಸಣ್ಣ ಪ್ರೆಶರ್ ವಾಷರ್, ಅಂದರೆ ನೀರನ್ನು ಒತ್ತಡದಿಂದ ಧಾರೆಯಾಗಿ ಚಿಮ್ಮಿಸುವ ಮಷೀನು, ಚೆನ್ನಾಗಿ ಒಗ್ಗುತ್ತದೆ. ಕಾರಣ ನಮ್ಮ ಮನೆಗಳ ನೀರಿನ ವ್ಯವಸ್ಥೆಯಲ್ಲೇ ಇದೆ. ಟ್ಯಾಂಕಿನ ನೀರು ನಲ್ಲಿಗಿಂತ 10 ಮೀಟರ್ ಮೇಲಿದ್ದರೆ ನಲ್ಲಿಯಲ್ಲಿ ಸಿಗುವ ಒತ್ತಡ ಸುಮಾರು 1 ಬಾರ್. ಮೇಲಿನ ಮನೆಗೆ ಅಷ್ಟೂ ಇರುವುದಿಲ್ಲ. ಮಾಳಿಗೆಯ ಮೇಲಂತೂ ಟ್ಯಾಂಕ್ ಪಕ್ಕದಲ್ಲೇ ಇರುತ್ತದೆ, ಪೈಪ್ ಹಿಡಿದರೆ ನೀರು ಕಾಲ ಬುಡಕ್ಕೇ ಬೀಳುತ್ತದೆ. ಬ್ಯಾಟರಿ ಮಷೀನು ಬಕೆಟ್‌ನಿಂದಲೇ ನೀರು ಎಳೆದುಕೊಳ್ಳುತ್ತದೆ, ನಲ್ಲಿಯ ಹಂಗಿಲ್ಲ. ಪ್ಲಗ್ಗಿನ ಹಂಗೂ ಇಲ್ಲ. ಕರೆಂಟಿನ ಮಷೀನಾದರೆ ಮೇಲಿನ ಮನೆಯವರ ಸಾಕೆಟ್ ಕೇಳಬೇಕು, ಅವರ ಮೀಟರ್ ಓಡಬೇಕು. ಗೃಹಜ್ಯೋತಿ ಬಂದ ಮೇಲೆ ಪ್ರತಿ ಮನೆಯವರೂ ಯೂನಿಟ್ ಲೆಕ್ಕ ಇಡುತ್ತಾರೆ. ನಮ್ಮ ಕೆಲಸಕ್ಕೆ ಅವರ ಯೂನಿಟ್ ಖರ್ಚು ಮಾಡುವುದು ಸರಿಯಲ್ಲ ಅಲ್ವಾ? ಬ್ಯಾಟರಿಯನ್ನು ನಿಮ್ಮ ಮನೆಯಲ್ಲಿ ಚಾರ್ಜ್ ಮಾಡಿಕೊಂಡು ಹೋದರೆ ಆಯಿತು. ಒದ್ದೆ ನೆಲದ ಮೇಲೆ ವೈರ್ ಎಳೆದಾಡುವ ಭಯವೂ ಇಲ್ಲ. ನನ್ನ ವಯಸ್ಸಿನವರಿಗೆ ಇದೇ ದೊಡ್ಡ ನೆಮ್ಮದಿ.

ಕೊಳ್ಳುವಾಗ ಎರಡು ವಿಷಯದಲ್ಲಿ ಎಚ್ಚರ ಇರಲಿ. ಮೊದಲನೆಯದು ಒತ್ತಡ. ಕರೆಂಟಿನ ಮಷೀನುಗಳು 100 ಬಾರ್ ದಾಟುತ್ತವೆ. ಬ್ಯಾಟರಿಯವು ಸಾಮಾನ್ಯವಾಗಿ 20ರಿಂದ 60 ಬಾರ್ ಒಳಗೆ ಇರುತ್ತವೆ. ವರ್ಷಗಟ್ಟಲೆ ಕೂತ ಕಪ್ಪು ಪಾಚಿಯನ್ನು ಇದು ಒಂದೇ ಸಲಕ್ಕೆ ಕೀಳುವುದಿಲ್ಲ. ಆಗಾಗ ತೊಳೆಯಿರಿ ಅಂತ ಹೇಳುತ್ತಿರುವುದು ಅದಕ್ಕೇ. ಎರಡನೆಯದು ಬ್ಯಾಟರಿ. ಕಡಿಮೆ ಬೆಲೆಯ ಬ್ಯಾಟರಿಗಳ ಮೇಲೆ 48ವಿಎಫ್, 98ವಿಎಫ್ ಅಂತ ದೊಡ್ಡದಾಗಿ ಬರೆದಿರುತ್ತಾರೆ. ಅದನ್ನು ವೋಲ್ಟ್ ಅಂದುಕೊಳ್ಳಬೇಡಿ. ಚಾರ್ಜರ್ ತಿರುಗಿಸಿ ಔಟ್‌ಪುಟ್ ಎಷ್ಟು ಅಂತ ಓದಿ. 21 ವೋಲ್ಟ್ ಅಂತಿದ್ದರೆ ಒಳಗೆ ಸಾಲಾಗಿ ಜೋಡಿಸಿದ ಐದು ಲಿಥಿಯಂ ಸೆಲ್‌ಗಳಿವೆ ಅಂತ ಅರ್ಥ. ಒಂದು ಕಂಪನಿ 18 ವೋಲ್ಟ್ ಅನ್ನುವುದೂ ಇನ್ನೊಂದು 20 ಅನ್ನುವುದೂ ಇದನ್ನೇ. ಎಷ್ಟು ಹೊತ್ತು ಓಡುತ್ತದೆ ಅನ್ನುವುದು ಆಂಪಿಯರ್-ಅವರ್ ಮೇಲೆ, ಅಂದರೆ ಬ್ಯಾಟರಿ ಎಷ್ಟು ಚಾರ್ಜ್ ಹಿಡಿಯುತ್ತದೆ ಅನ್ನುವ ಅಳತೆಯ ಮೇಲೆ ನಿಂತಿದೆ. 4 ಆಂಪಿಯರ್-ಅವರ್ ಬ್ಯಾಟರಿ ಇಪ್ಪತ್ತು ನಿಮಿಷದ ಆಸುಪಾಸು ಓಡಿದರೆ ಚೆನ್ನಾಗಿದೆ ಅಂದುಕೊಳ್ಳಿ. ಎರಡು ಬ್ಯಾಟರಿ ಕೊಡುವ ಸೆಟ್ಟನ್ನೇ ತೆಗೆದುಕೊಳ್ಳಿ. ನಾಝಲ್ (ನೀರು ಚಿಮ್ಮುವ ಮೂತಿ), ವಾಷರ್ ರಿಂಗ್ ನಿಮ್ಮ ಊರಲ್ಲೇ ಸಿಗುತ್ತವಾ ಅಂತ ಮೊದಲೇ ಕೇಳಿಕೊಳ್ಳಿ.

ನೀರಿನ ಲೆಕ್ಕವನ್ನೂ ಹೇಳಿಬಿಡುತ್ತೇನೆ. ನಿಮಿಷಕ್ಕೆ 4 ಲೀಟರ್ ಕುಡಿಯುವ ಮಷೀನಿಗೆ ಇಪ್ಪತ್ತು ಲೀಟರ್ ಬಕೆಟ್ ಐದು ನಿಮಿಷ ಬರುತ್ತದೆ. ಒಂದು ಬ್ಯಾಟರಿ ಮುಗಿಯುವಷ್ಟರಲ್ಲಿ ನಾಲ್ಕು ಬಕೆಟ್. ಪೈಪ್ ಬಿಟ್ಟು ತೊಳೆದರೆ ಇದರ ಎರಡು ಮೂರು ಪಟ್ಟು ನೀರು ಸುಮ್ನೆ ಚರಂಡಿ ಸೇರುತ್ತದೆ. ಬೇಸಿಗೆಯಲ್ಲಿ ನಲ್ಲಿ ನೀರಿಗೆ ದಿನ ಎಣಿಸುವ ನಮ್ಮೂರಲ್ಲಿ ಇದು ಸಣ್ಣ ಮಾತಲ್ಲ. ಬೋರ್ ನೀರಾದರೆ ಬಕೆಟ್ ತುಂಬಿಸಿ ಸ್ವಲ್ಪ ಹೊತ್ತು ಬಿಡಿ, ಮರಳು ತಳಕ್ಕೆ ಕೂರಲಿ. ಹೀರುವ ಪೈಪಿನ ತುದಿಯ ಜಾಲರಿ ಬಕೆಟ್ ತಳಕ್ಕೆ ತಾಗದಂತೆ ಅಂಚಿಗೆ ಕಟ್ಟಿ. ಮರಳು ಒಳಗೆ ಹೋದರೆ ಪಂಪ್ ಬೇಗ ಸವೆಯುತ್ತದೆ.

ಮಾಳಿಗೆಯಿಂದ ಶುರು ಮಾಡಿ. ಮೇ ತಿಂಗಳಲ್ಲಿ, ಮಳೆಗಾಲ ಹಿಡಿಯುವ ಮೊದಲು. ಮೊದಲು ಕಡ್ಡಿ ಕಸಬರಿಗೆಯಲ್ಲಿ ಒಣಗಿದ ಧೂಳು, ಎಲೆ ಪೂರ್ತಿ ಗುಡಿಸಿ ತೆಗೆಯಬೇಕು. ನೀರು ಬಿದ್ದರೆ ಅದೇ ಧೂಳು ಕೆಸರಾಗಿ ಮಳೆನೀರಿನ ಪೈಪಿಗೆ ಹೋಗಿ ಕೂರುತ್ತದೆ. ಆಮೇಲೆ ಇಳಿಜಾರಿನ ಎತ್ತರದ ಕಡೆಯಿಂದ ಪೈಪಿನ ಬಾಯಿಯ ಕಡೆಗೆ ತೊಳೆಯುತ್ತಾ ಬನ್ನಿ. 25 ಅಥವಾ 40 ಡಿಗ್ರಿಯ ನಾಝಲ್‌ನ ಅಗಲ ಧಾರೆ ಸಾಕು, ಒಂದು ಅಡಿ ದೂರ ಇರಲಿ. ಸೊನ್ನೆ ಡಿಗ್ರಿಯ ಸೂಜಿ ಧಾರೆ ಟೈಲ್ಸ್ ಸಂದಿನ ಸಿಮೆಂಟನ್ನೂ ವಾಟರ್‌ಪ್ರೂಫ್ ಪದರವನ್ನೂ ಎಬ್ಬಿಸುತ್ತದೆ. ಪದರ ಹೋದರೆ ಕೆಳಗಿನ ಮನೆಯ ಮಾಡಿನಲ್ಲಿ ಸೋರಿಕೆ ಶುರುವಾಯಿತು ಅಂತಲೇ ಲೆಕ್ಕ. ಮೆಟ್ಟಿಲಿನ ಪಾಚಿಗೆ ಮೊದಲು ಸೋಪಿನ ನೀರು ಹಾಕಿ ಹತ್ತು ನಿಮಿಷ ನೆನೆಸಿ, ಬ್ರಷ್‌ನಲ್ಲಿ ಒಮ್ಮೆ ತಿಕ್ಕಿ, ಆಮೇಲೆ ಧಾರೆ ಬಿಡಿ. ಮೇಲಿನ ಮೆಟ್ಟಿಲಿನಿಂದ ಕೆಳಕ್ಕೆ ಬರಬೇಕು. ಪೂರ್ತಿ ಒಣಗುವವರೆಗೆ ಮಕ್ಕಳು, ವಯಸ್ಸಾದವರು ಹತ್ತದಂತೆ ಒಂದು ಸ್ಟೂಲ್ ಅಡ್ಡ ಇಡಿ.

ಗೋಡೆಯ ವಿಷಯಕ್ಕೆ ಬಂದರೆ, ಎಮಲ್ಷನ್ ಬಳಿದ ಹೊರಗೋಡೆ ತಡೆಯುತ್ತದೆ. ಸುಣ್ಣ, ಡಿಸ್ಟೆಂಪರ್ ಗೋಡೆಗೆ ಧಾರೆ ಬಿಡಲೇಬೇಡಿ, ಬಣ್ಣ ಉದುರುತ್ತದೆ. ಬಿರುಕಿರುವ ಕಡೆ ನೀರು ಗೋಡೆಯೊಳಗೆ ಹೋಗುತ್ತದೆ, ಮೊದಲು ಬಿರುಕು ಮುಚ್ಚಿಸಿ. ಮಂಡಕ್ಕಿ ಭಟ್ಟಿಗಳ ಹತ್ತಿರ ಮನೆ ಇರುವವರಿಗೆ ಮಸಿಯ ಕಾಟ ಗೊತ್ತೇ ಇದೆ. ಮಸಿಯಲ್ಲಿ ಜಿಡ್ಡಿರುವುದರಿಂದ ಬರೀ ನೀರು ಹೊಡೆದರೆ ಕರಿ ಗೆರೆಗಳಾಗಿ ಇಳಿಯುತ್ತದೆ. ಸೋಪನ್ನು ಕೆಳಗಿನಿಂದ ಮೇಲಕ್ಕೆ ಹಚ್ಚಿ, ನೀರನ್ನು ಮೇಲಿನಿಂದ ಕೆಳಕ್ಕೆ ಬಿಡಿ. ಅಡುಗೆಮನೆ ಎಕ್ಸಾಸ್ಟ್ ಫ್ಯಾನಿನ ಕೆಳಗಿನ ಎಣ್ಣೆ ಕಲೆಗೂ ಇದೇ ಕ್ರಮ. ಜಿಡ್ಡು ಬಿಡಲಿ ಅಂತ ಮಷೀನಿಗೆ ಬಿಸಿನೀರು ಕೊಡಬೇಡಿ, ಪಂಪಿನ ಸೀಲ್ ಕೆಡುತ್ತದೆ.

ಗಡಸು ನೀರಿನ ಬಿಳಿ ಕಲೆಗೆ ಎಷ್ಟೇ ಒತ್ತಡದ ನೀರು ಬಿಟ್ಟರೂ ಉಪಯೋಗ ಕಡಿಮೆ. ಅದು ಸುಣ್ಣದ ಅಂಶ, ಹುಳಿಗೆ ಮಾತ್ರ ಕರಗುತ್ತದೆ. ದಿನಸಿ ಅಂಗಡಿಯ ನಿಂಬೆ ಉಪ್ಪನ್ನು ನೀರಿನಲ್ಲಿ ಕರಗಿಸಿ ಬಚ್ಚಲಿನ ಸೆರಾಮಿಕ್ ಟೈಲ್ಸ್‌ಗೆ ಹಚ್ಚಿ, ಸ್ವಲ್ಪ ಹೊತ್ತು ಬಿಟ್ಟು ತೊಳೆದರೆ ಬಿಡುತ್ತದೆ. ಕಡಪ ಕಲ್ಲು, ಮಾರ್ಬಲ್, ಮೊಸಾಯಿಕ್ ನೆಲಕ್ಕೆ ಮಾತ್ರ ಹುಳಿ ತಾಗಿಸಬಾರದು, ಆ ಕಲ್ಲಲ್ಲೂ ಸುಣ್ಣದ ಅಂಶವೇ ಇರುವುದರಿಂದ ಹೊಳಪು ಹೋಗುತ್ತದೆ. ಟಾಯ್ಲೆಟ್ ಆಸಿಡನ್ನು ಮಷೀನಿನ ಸೋಪಿನ ಬಾಟಲಿಗೆ ಹಾಕುವುದಂತೂ ಬೇಡವೇ ಬೇಡ. ಹನಿಗಳು ಗಾಳಿಯಲ್ಲಿ ಹಾರಿ ಕಣ್ಣು, ಮೂಗು ಸೇರುತ್ತವೆ. ಆಸಿಡ್ ಮತ್ತು ಬ್ಲೀಚಿಂಗ್ ಪೌಡರ್ ಸೇರಿದರೆ ಕ್ಲೋರಿನ್ ಗಾಳಿ ಏಳುತ್ತದೆ, ಬಚ್ಚಲಿನಂಥ ಸಣ್ಣ ಜಾಗದಲ್ಲಿ ಅದು ಪ್ರಾಣಕ್ಕೇ ಅಪಾಯ.

ಮೀಟರ್ ಬೋರ್ಡ್, ಎ.ಸಿ.ಯ ತೆಳು ತಗಡಿನ ಪಟ್ಟಿಗಳು, ಸೋಲಾರ್ ಹೀಟರಿನ ಗಾಜಿನ ಕೊಳವೆ, ಜೇನುಗೂಡು ಇವುಗಳ ಹತ್ತಿರ ಗನ್ ತಿರುಗಿಸಬೇಡಿ. ಕಿಟಕಿಯ ಸೊಳ್ಳೆ ಜಾಲರಿಗೆ ಮೂರಡಿ ದೂರದಿಂದ ಷವರ್ ನಾಝಲ್ ಸಾಕು, ಬಿಚ್ಚಿ ಹೊರಗೆ ತಂದು ತೊಳೆದರೆ ಇನ್ನೂ ಒಳ್ಳೆಯದು. ಏಣಿ ಹತ್ತಿ ಧಾರೆ ಬಿಡಬೇಡಿ, ಉದ್ದ ಕೋಲು ಹಾಕಿಕೊಳ್ಳಿ. ಕನ್ನಡಕ ಹಾಕಿಕೊಳ್ಳಿ. ಮಷೀನು ಸಣ್ಣದೇ ಆದರೂ ಮನುಷ್ಯರ ಕಡೆ, ನಾಯಿ ಬೆಕ್ಕಿನ ಕಡೆ ತಿರುಗಿಸಬಾರದು.

ಪ್ಲಾಸ್ಟಿಕ್ ಟ್ಯಾಂಕ್ ತೊಳೆಯುವುದಕ್ಕೆ ಇದರಷ್ಟು ಅನುಕೂಲ ಬೇರೆ ಇಲ್ಲ. ಮನೆಗಳಿಗೆ ಹೋಗುವ ವಾಲ್ವ್ ಮುಚ್ಚಿ, ನೀರು ಖಾಲಿ ಮಾಡಿ, ಮುಚ್ಚಳದ ಬಾಯಿಂದಲೇ ಕೋಲು ಇಳಿಸಿ ಸುತ್ತಲೂ ಧಾರೆ ಬಿಡಿ. ಸೋಪು ಬೇಡ. ಕೆಸರು ನೀರನ್ನು ವಾಷ್‌ಔಟ್ ಪೈಪಿನಲ್ಲಿ ಹೊರಗೆ ಬಿಡಿ. ನೆಲದ ಸಂಪಿಗೆ ಮಾತ್ರ ಒಬ್ಬರೇ ಇಳಿಯಬೇಡಿ. ಮುಚ್ಚಿದ ಸಂಪಿನಲ್ಲಿ ಉಸಿರಾಡುವ ಗಾಳಿ ಕಡಿಮೆ ಇರಬಹುದು. ಅದನ್ನು ಆ ಕೆಲಸ ಗೊತ್ತಿದ್ದವರಿಗೇ ಬಿಡಿ.

ಬಾಡಿಗೆಯವರಿಗೆ ಹಿಂದಿನ ದಿನವೇ ಹೇಳಿ. "ಆಂಟಿ, ನಾಳೆ ಬಟ್ಟೆ ಒಣಹಾಕೋದಿದೆ, ನಾಡಿದ್ದು ಮಾಡ್ತೀರಾ?" ಅಂದರೆ ನಾಡಿದ್ದೇ ಮಾಡಿ. ಮನೆ ಅವರ ವಶದಲ್ಲಿದೆ, ಕೇಳಿ ಹೋಗುವುದೇ ಮರ್ಯಾದೆ. ಖಾಲಿ ಮಾಡುವಾಗ ಮೆಟ್ಟಿಲಿನ ಪಾಚಿ, ಹೊರಗೋಡೆಯ ಧೂಳು ತೋರಿಸಿ ಅಡ್ವಾನ್ಸ್‌ನಲ್ಲಿ ದುಡ್ಡು ಹಿಡಿಯುವವರನ್ನು ನೋಡಿದಾಗ ನನಗೆ ನಿಜಕ್ಕೂ ಬೇಜಾರಾಗುತ್ತದೆ. ಮಳೆ ಬಿಸಿಲಿಗೆ ಆದದ್ದಕ್ಕೆ ಕಾಲೇಜು ಓದುವ ಹುಡುಗರು ಯಾಕೆ ದುಡ್ಡು ಕೊಡಬೇಕು?

ಕೆಲಸ ಮುಗಿದ ಮೇಲೆ ಬ್ಯಾಟರಿ ಬಿಚ್ಚಿ, ಪೈಪಿನಲ್ಲಿ ಉಳಿದ ನೀರು ಇಳಿಸಿ, ಜಾಲರಿ ತೊಳೆದು ನೆರಳಲ್ಲಿ ಇಡಿ. ಬ್ಯಾಟರಿ ಬಿಸಿ ಇದ್ದಾಗ ಚಾರ್ಜಿಗೆ ಹಾಕಬೇಡಿ. ಮಾಳಿಗೆಯ ತಗಡಿನ ಕೋಣೆಯಲ್ಲಿ ಇಡಬೇಡಿ, ನಮ್ಮ ಏಪ್ರಿಲ್ ಬಿಸಿಲಿಗೆ ಅದರ ಆಯಸ್ಸೇ ಕಡಿಮೆಯಾಗುತ್ತದೆ. ಬಹಳ ದಿನ ಬಳಸದಿದ್ದರೆ ಅರ್ಧ ಚಾರ್ಜ್ ಇರಲಿ. ಉಬ್ಬಿದ ಬ್ಯಾಟರಿ ಕಂಡರೆ ಆ ಕ್ಷಣವೇ ಬಳಕೆ ನಿಲ್ಲಿಸಿ, ಕಸದ ಗಾಡಿಗೆ ಹಾಕದೆ ಇ-ತ್ಯಾಜ್ಯ ತೆಗೆದುಕೊಳ್ಳುವವರಿಗೆ ಕೊಡಿ. ಬಾಡಿಗೆಯವರು ತಮ್ಮ ಸ್ಕೂಟರ್ ತೊಳೆಯಲು ಮಷೀನು ಕೇಳಿದರೆ ಕೊಡಿ. ಕೊಡುವ ಮೊದಲು ಸೊನ್ನೆ ಡಿಗ್ರಿಯ ನಾಝಲ್ ತೆಗೆದು ನಿಮ್ಮ ಹತ್ತಿರ ಇಟ್ಟುಕೊಳ್ಳಿ.