ಬಿಸಿನೀರಿನ ಕೆಳಗೆ ಕೂತಿದ್ದ ದಿನಗಳು: ಗಾಂಜಾ ಬಿಟ್ಟ ನನ್ನ ಅನುಭವ

ಬೆಳಗ್ಗೆ ಎದ್ದ ಕೂಡಲೇ ವಾಂತಿ. ಹೊಟ್ಟೆಯಲ್ಲಿ ಏನೂ ಇರುತ್ತಿರಲಿಲ್ಲ, ಹಳದಿ ಪಿತ್ತ ಮಾತ್ರ ಬರುತ್ತಿತ್ತು. ಆಮೇಲೆ ಬಚ್ಚಲಿಗೆ ಹೋಗಿ, ಮೈ ಕೆಂಪಾಗುವಷ್ಟು ಬಿಸಿನೀರು ಬಿಟ್ಟುಕೊಂಡು ಅದರ ಕೆಳಗೆ ಕೂರುತ್ತಿದ್ದೆ. ನೀರು ಬೀಳುವಷ್ಟು ಹೊತ್ತು ಹೊಟ್ಟೆ ಸುಮ್ಮನಿರುತ್ತಿತ್ತು. ನಲ್ಲಿ ನಿಲ್ಲಿಸಿದರೆ ಮತ್ತೆ ಶುರು. ದಿನಕ್ಕೆ ಐದಾರು ಸಲ ಸ್ನಾನ ಮಾಡಿದ್ದೂ ಉಂಟು.

ಆಗ ನಾನು ಗಾಂಜಾ ಶುರು ಮಾಡಿ ಹನ್ನೊಂದು ವರ್ಷ. ಮೊದಮೊದಲು ವಾರಕ್ಕೊಮ್ಮೆ, ಗೆಳೆಯರ ಜೊತೆ. ಆಮೇಲೆ ದಿನಾ ರಾತ್ರಿ. ಕೊನೆಯ ಐದು ವರ್ಷ ಎದ್ದಾಗಿನಿಂದ ಮಲಗುವವರೆಗೂ. 'ಗಿಡ ತಾನೇ, ಏನಾಗುತ್ತೆ' ಅನ್ನೋ ಮಾತನ್ನು ನಾನೂ ಬೇಕಾದಷ್ಟು ಸಲ ಆಡಿದ್ದೇನೆ. ದತ್ತೂರಿಯೂ ಗಿಡವೇ ಅಲ್ವಾ?

ವಾಂತಿಗೆ ಯಾವುದು ಔಷಧಿ ಅಂತ ನಂಬಿದ್ದೆ ಹೇಳಿ? ಗಾಂಜಾನೇ. ಕೀಮೋಥೆರಪಿ ಮಾಡಿಸಿಕೊಳ್ಳುವವರ ವಾಂತಿಗೆ ಇದರ ಅಂಶವಾದ ಟಿಎಚ್‌ಸಿಯ ಮಾತ್ರೆ ಕೊಡುತ್ತಾರೆ ಅಂತ ಓದಿದ್ದೆ. ಅದು ಸುಳ್ಳೂ ಅಲ್ಲ. ಹಾಗಾಗಿ ಹೊಟ್ಟೆ ತೊಳಸಿದಾಗಲೆಲ್ಲ ಇನ್ನೊಂದು ಜಾಯಿಂಟ್. ಎಂಡೋಸ್ಕೋಪಿ, ಸ್ಕ್ಯಾನ್ ಎಲ್ಲ ಮಾಡಿಸಿದೆ. ಏನೂ ಸಿಗಲಿಲ್ಲ. ಸಿಗುವುದಾದರೂ ಹೇಗೆ? ಸೇದುವ ವಿಷಯವನ್ನು ಯಾವ ಡಾಕ್ಟರಿಗೂ ಹೇಳಿರಲಿಲ್ಲ. ಕೊನೆಗೆ ಒಬ್ಬರು ಕೇಳಿದರು: "ಬಿಸಿನೀರು ಸುರಿದುಕೊಂಡ್ರೆ ಕಡಿಮೆ ಆಗುತ್ತಾ?" ಹೌದು ಅಂದೆ. "ಎಷ್ಟು ವರ್ಷದಿಂದ ಸೇದ್ತಿದ್ದೀರಿ?" ಅಂದರು. ಸಿಕ್ಕಿಬಿದ್ದೆ.

ಈ ಕಾಯಿಲೆಗೆ ಕ್ಯಾನಬಿನಾಯ್ಡ್ ಹೈಪರ್‌ಎಮೆಸಿಸ್ ಅಂತ ಹೆಸರು. 2004ರಲ್ಲಿ ಆಸ್ಟ್ರೇಲಿಯಾದ ವೈದ್ಯರು ಇದನ್ನು ಮೊದಲು ವಿವರಿಸಿದರು. ವರ್ಷಗಟ್ಟಲೆ ಜಾಸ್ತಿ ಸೇದಿದ ಕೆಲವರಿಗೆ ಬರುತ್ತದೆ. ನೀರು, ಲವಣ ಎಲ್ಲ ಕಳೆದುಕೊಂಡು ಕಿಡ್ನಿಗೇ ಹೊಡೆತ ಬೀಳುವುದೂ ಉಂಟು. ಮೆಣಸಿನಕಾಯಿಗೆ ಖಾರ ಕೊಡುವ ಕ್ಯಾಪ್ಸೈಸಿನ್‌ನ ಮುಲಾಮನ್ನು ಹೊಟ್ಟೆಯ ಮೇಲೆ ಹಚ್ಚುತ್ತಾರೆ, ತಾತ್ಕಾಲಿಕವಾಗಿ ತಡೆಯುತ್ತದೆ. ವಾಸಿಯಾಗಬೇಕೆಂದರೆ ಪೂರ್ತಿ ಬಿಡಬೇಕು, ಅಷ್ಟೇ.

ಆ ಡಾಕ್ಟರ್ ಹೇಳಿದ ಇನ್ನೊಂದು ವಿಷಯ ನನ್ನ ತಲೆಯಲ್ಲಿ ಕೂತುಬಿಟ್ಟಿತು. ನಮ್ಮ ಮೆದುಳೇ ಗಾಂಜಾದ ಥರ ಕೆಲಸ ಮಾಡುವ ಒಂದು ರಾಸಾಯನಿಕ ತಯಾರಿಸಿಕೊಳ್ಳುತ್ತದೆ. 1992ರಲ್ಲಿ ಅದನ್ನು ಪತ್ತೆ ಮಾಡಿದವರು 'ಆನಂದ' ಅನ್ನೋ ಪದದಿಂದಲೇ ಅದಕ್ಕೆ ಆನಂದಮೈಡ್ ಅಂತ ಹೆಸರಿಟ್ಟರು. ಹಸಿವು, ನಿದ್ದೆ, ಭಯ ಇದರಲ್ಲೆಲ್ಲ ಅದರ ಕೈವಾಡ ಇದೆ. ಹೊರಗಿನಿಂದ ದಿನಾ ಟಿಎಚ್‌ಸಿ ಸುರಿಯುತ್ತಾ ಹೋದರೆ, ಮೆದುಳು ಅದನ್ನು ಹಿಡಿಯುವ ಸಿಬಿ1 ರಿಸೆಪ್ಟರ್‌ಗಳನ್ನು ಕಡಿಮೆ ಮಾಡುತ್ತದೆ. ಆಮೇಲೆ ನಮ್ಮದೇ ಸರಕಿಗೂ ಬೆಲೆ ಇರುವುದಿಲ್ಲ. ಸೇದದಿದ್ದರೆ ನಿದ್ದೆ ಇಲ್ಲ, ಊಟ ಸೇರಲ್ಲ, ಸುಮ್ಮಸುಮ್ಮನೆ ಸಿಟ್ಟು. ಇದನ್ನೆಲ್ಲ ನನ್ನ ಸ್ವಭಾವ ಅಂದುಕೊಂಡಿದ್ದೆ! ಆದರೆ ಬಿಟ್ಟು ಸುಮಾರು 4 ವಾರಕ್ಕೆ ಆ ರಿಸೆಪ್ಟರ್‌ಗಳು ಬಹುಪಾಲು ಮರಳುತ್ತವೆ ಅಂತ ಮೆದುಳಿನ ಸ್ಕ್ಯಾನ್‌ಗಳಲ್ಲಿ ಕಂಡಿದೆಯಂತೆ. ಆ ನಾಲ್ಕು ವಾರವನ್ನೇ ಗುರಿ ಮಾಡಿಕೊಂಡೆ.

ಅದಕ್ಕೂ ಮೊದಲು ಎರಡು ಸಲ ಒಂದೇ ಏಟಿಗೆ ಬಿಟ್ಟು ಸೋತಿದ್ದೆ. ಕಾರಣ ಆಮೇಲೆ ಗೊತ್ತಾಯಿತು. ನಾನು ತಂಬಾಕು ಬೆರೆಸಿ ಸುತ್ತುತ್ತಿದ್ದೆ. ಗಾಂಜಾ ಒಂದನ್ನೇ ಬಿಡುತ್ತಿದ್ದೇನೆ ಅಂದುಕೊಂಡು ನಿಕೋಟಿನ್ನನ್ನೂ ಒಟ್ಟಿಗೇ ಬಿಡಲು ಹೋಗಿದ್ದೆ. ಮೂರನೇ ಸಲ ನಿಕೋಟಿನ್‌ಗೆ ಡಾಕ್ಟರ್ ಪ್ಯಾಚ್ ಕೊಟ್ಟರು. ಗಾಂಜಾ ಚಟಕ್ಕೆಂದೇ ಮಾನ್ಯವಾದ ಔಷಧಿ ಇಲ್ಲ, ಕೌನ್ಸೆಲಿಂಗೇ ಗತಿ. ಎರಡು ವಾರ ದಿನದ ಮೊದಲ ಜಾಯಿಂಟನ್ನು ಮುಂದೆ ತಳ್ಳಿದೆ: ಮೊದಲು ಮಧ್ಯಾಹ್ನಕ್ಕೆ, ಆಮೇಲೆ ಸಂಜೆಗೆ. ನಂತರ ಪೂರ್ತಿ ನಿಲ್ಲಿಸಿದೆ.

ಮೂರನೇ ದಿನದಿಂದ ಒಂದು ವಾರ ಕೆಟ್ಟದಾಗಿತ್ತು. ರಾತ್ರಿ ಬೆವರಿ ಹಾಸಿಗೆ ಒದ್ದೆ. ಆಮೇಲೆ ಕನಸುಗಳು ಶುರುವಾದವು. ಗಾಂಜಾ ಕನಸಿನ ನಿದ್ದೆಯನ್ನು ಅದುಮಿಡುತ್ತದೆ. ಬಿಟ್ಟಾಗ ಅದು ಬಾಕಿ ಎಲ್ಲ ಒಟ್ಟಿಗೇ ವಸೂಲಿ ಮಾಡಿಕೊಂಡ ಹಾಗಿತ್ತು. ಸತ್ತುಹೋದ ನೆಂಟರು, ಹಳೇ ಪರೀಕ್ಷೆಗಳು, ಬಣ್ಣಬಣ್ಣದ ಜಗಳಗಳು. ನಿದ್ದೆ ಸರಿಹೋಗಲು ಸುಮಾರು ಎರಡು ತಿಂಗಳೇ ಬೇಕಾಯಿತು. ಕೆಮ್ಮು, ಕಫ ಅದಕ್ಕೂ ನಿಧಾನವಾಗಿ ಹೋದವು. ಮಾತಿನ ಮಧ್ಯೆ ಏನು ಹೇಳುತ್ತಿದ್ದೆ ಅಂತ ಮರೆಯುವುದು ನಿಂತಿತು. ವಾಂತಿ ಮಾತ್ರ ಎಲ್ಲಕ್ಕಿಂತ ಮೊದಲು, ಎರಡೇ ವಾರದಲ್ಲಿ ಮಾಯ.

ನನ್ನ ಜೊತೆ ಸೇದುತ್ತಿದ್ದ ಒಬ್ಬ ಗೆಳೆಯನಿಗೆ ಹೊಟ್ಟೆ ಚೆನ್ನಾಗೇ ಇತ್ತು. ಅವನಿಗೆ ಯಾರೋ ಮಾತಾಡುವುದು ಕೇಳಿಸತೊಡಗಿತು. ಅವನ ಮನೆಯಲ್ಲಿ ಮೊದಲೇ ಮಾನಸಿಕ ಕಾಯಿಲೆ ಇತ್ತು. ಅಂಥವರಿಗೆ, ಅದರಲ್ಲೂ ಟಿಎಚ್‌ಸಿ ಜಾಸ್ತಿ ಇರುವ ಮಾಲನ್ನು ದಿನಾ ಸೇದುವವರಿಗೆ, ಸೈಕೋಸಿಸ್, ಅಂದರೆ ಇಲ್ಲದ್ದು ಕೇಳಿಸುವ, ಕಾಣಿಸುವ ಸ್ಥಿತಿಯ ಅಪಾಯ ಜಾಸ್ತಿ. ಅವನ ಕಥೆ ಅವನದು, ಇಲ್ಲಿ ಬೇಡ.

ಬಿಟ್ಟು ಎಂಟು ತಿಂಗಳಾದ ಮೇಲೆ 'ಒಂದೇ ಒಂದು' ಅಂತ ಎಳೆದೆ. ಅದು ಮೂರು ವಾರ ನಡೆಯಿತು. ಒಂದು ಬೆಳಗ್ಗೆ ಹೊಟ್ಟೆ ತೊಳಸಿತು. ಏನೂ ಯೋಚಿಸದೆ ಎದ್ದು ಬಚ್ಚಲಿಗೆ ಹೋದೆ. ನೋಡಿದರೆ ಕೈ ಆಗಲೇ ಬಿಸಿನೀರಿನ ನಲ್ಲಿ ತಿರುಗಿಸುತ್ತಿತ್ತು. ಉಳಿದ ಸೊಪ್ಪನ್ನೆಲ್ಲ ಅವತ್ತೇ ಕಮೋಡಿಗೆ ಸುರಿದೆ. ಅದಾಗಿ ಮೂರು ವರ್ಷ.